ನನ್ನ ಹೆಸರಿನ ಎರಡನೆಯ ಯಂತ್ರ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಯೋ ನಾಚಿಕೆಯಿಂದ ಹೇಳುತ್ತಿದ್ದೇನೆಯೋ ನನಗೇ ಸರಿಯಾಗಿ ಗೊತ್ತಿಲ್ಲ. ಬಿಕರ್ನಕಟ್ಟೆಯ ನಮ್ಮ ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋದವಳು ತಿರುಗಿ ಬಂದು ಬೀಗವನ್ನು ಎಳೆದು ನೋಡುತ್ತೇನೆ. ಬೀಗ ಸರಿಯಾಗಿಯೇ ಇರುತ್ತದೆ. ಎಳೆದು ನೋಡುವಾಗ ಸಡಿಲವಾಯಿತೋ ಏನೋ ಎಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಸ ಸಂಶಯ ಶುರುವಾಗುತ್ತದೆ. ನನ್ನ ಗಂಡ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಅವರ ಹೋಟೆಲಿಗೆ ಹೋದರೂ ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ನೀರು ಕುಡಿಯುವುದು. ಗಿರಾಕಿಗಳೆದುರು ಹಾಗೆ ಮಾಡಬೇಡ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ.

ಇದು ನನಗೆ ತಾಯಿಯ ಕಡೆಯಿಂದ ಬಂದದ್ದು. ಅಮ್ಮ ಬಂಗುಡೆಯ ಕಿವಿರನ್ನು ಎತ್ತಿ, ಒಳಗೆ ಕೆಂಪಗಿದೆಯೇ ಎಂದು ನೋಡದೆ ಒಂದು ದಿನವೂ ಮೀನು ಕೊಂಡವರಲ್ಲ. ಮನೆಗೆ ಮೀನು ತರುತ್ತಿದ್ದ ಹೆಂಗಸಿಗೆ ಒಮ್ಮೆ ತಡೆಯಲಾಗದೆ, "ಎಂತ ಅಕ್ಕೆ, ಇಷ್ಟು ವರ್ಷ ಆಯ್ತು, ಇನ್ನೂ ನನ್ನ ಮೇಲೆ ನಂಬಿಕೆ ಇಲ್ವ?" ಎಂದು ಕೇಳಿದಳು. ಅಮ್ಮ ಕಿವಿರಿನಿಂದ ಕಣ್ಣು ತೆಗೆಯದೆ, "ನಿನ್ನ ಮೇಲೆ ಉಂಟು. ಮೀನಿನ ಮೇಲೆ ಇಲ್ಲ" ಎಂದರು. ಆ ಹೆಂಗಸು ನಕ್ಕಳು, ಮೀನು ಕೊಟ್ಟಳು, ಮರುದಿನವೂ ಬಂದಳು. ಸಂಶಯಕ್ಕೂ ಸ್ನೇಹಕ್ಕೂ ವಿರೋಧವಿಲ್ಲವೆಂದು ನಾನು ಆಗಿನಿಂದಲೇ ತಿಳಿದುಕೊಂಡಿದ್ದೆ.

ನನ್ನ ಮಟ್ಟಿಗೆ ಅದು ಒಮ್ಮೊಮ್ಮೆ ಮಿತಿ ಮೀರುತ್ತದೆ. ದುಬೈಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಗ, ಬಜಪೆಯ ವಿಮಾನ ನಿಲ್ದಾಣದಲ್ಲಿ "ಈ ಬ್ಯಾಗು ನೀವೇ ತುಂಬಿಸಿದ್ದಾ?" ಎಂದು ಕೇಳಿದರು. ಎಲ್ಲರೂ ಹೌದೆಂದು ಹೇಳಿ ಮುಂದೆ ಹೋಗುತ್ತಿದ್ದರು. ನಾನು ಯೋಚಿಸಿದೆ. ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಆ ಬ್ಯಾಗಿನ ಸುತ್ತ ಸುಳಿದಾಡಿದ್ದು ನೆನಪಾಯಿತು. "ಹೆಚ್ಚು ಕಡಿಮೆ ನಾನೇ. ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ" ಎಂದೆ. ಆಮೇಲೆ ನನ್ನ ಬ್ಯಾಗನ್ನು ಅವರು ಅಂಗಾತ ಮಲಗಿಸಿ ಬಿಚ್ಚಿದ್ದೂ, ಸೀರೆಗಳ ನಡುವಿನಿಂದ ಹಲಸಿನ ಹಪ್ಪಳದ ಕಟ್ಟುಗಳು ಒಂದೊಂದಾಗಿ ಹೊರಬಂದದ್ದೂ, ನನ್ನ ಹಿಂದಿನ ಸಾಲಿನವರೆಲ್ಲ ಅದನ್ನು ನೋಡಿದ್ದೂ ನಡೆಯಿತು. ಸತ್ಯ ಹೇಳಿದ್ದಕ್ಕೆ ಅಷ್ಟು ಹೊತ್ತು ನಿಲ್ಲಬೇಕಾಯಿತಲ್ಲ ಎಂದು ತಂಗಿ ಈಗಲೂ ನಗುತ್ತಾಳೆ.

ಇಂಥ ನಾನು ತಲೆ ನರೆಯುವ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದೆ. ನಗರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು ನಾನು. ನಮ್ಮ ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತ ಹೆಂಗಸರ ಬಗ್ಗೆ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಊರಿನಿಂದ ಸ್ವಲ್ಪ ಹೊರಗಿರುವ ವಿಶ್ವವಿದ್ಯಾಲಯವೊಂದರಲ್ಲಿ ಹೆಸರು ನೋಂದಾಯಿಸಿದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಿಗೆ ಏನು ತೊಂದರೆಯೋ ಎಂಬ ಸಂಶಯ. ಅಲ್ಲಿ ನನಗೆ ಮಾರ್ಗದರ್ಶಕರಾಗಿ ಸಿಕ್ಕಿದವರು ಮಹಾಬಲ ಸರ್. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಪ್ಪು ಉಲ್ಲೇಖ ಕಂಡರೆ ಹಲ್ಲುನೋವು ಬಂದವರಂತೆ ಮುಖ ಮಾಡುವವರು.

ಮೊದಲ ದಿನ ಅವರು ನನ್ನ ವಿಷಯದ ಬಗ್ಗೆ ಏನನ್ನೂ ಕೇಳಲಿಲ್ಲ. "ಮನೆ ಎಲ್ಲಿ? ತಾಯಿ ಮನೆ ಎಲ್ಲಿ? ಬರಿ ಎಂತ?" ಎಂದರು. ಇದು ತುಳುನಾಡಿನವರಿಗೆ ಹೊಸತಲ್ಲ. ಬರಿಯೆಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಒಂದೇ ಬರಿಯವರು ಎಷ್ಟು ದೂರದವರಾದರೂ ಒಂದೇ ತಾಯಿಯ ಮಕ್ಕಳ ಲೆಕ್ಕ, ತಮ್ಮೊಳಗೆ ಮದುವೆಯಾಗುವಂತಿಲ್ಲ. ಹಾಗಾಗಿ ಬಸ್ಸಿನಲ್ಲಿ ಪಕ್ಕ ಕುಳಿತವರು, ಮದುವೆ ಹಾಲಿನಲ್ಲಿ ಐಸ್‌ಕ್ರೀಮಿಗೆ ಸಾಲು ನಿಂತವರು, ಹಲ್ಲು ಕೀಳುವ ವೈದ್ಯರು, ಎಲ್ಲರೂ ಇದನ್ನು ಕೇಳುತ್ತಾರೆ. ನಾವೂ ಯೋಚಿಸದೆ ಹೇಳಿಬಿಡುತ್ತೇವೆ. ನಾನು ನನ್ನ ಬರಿ ಹೇಳಿದೆ. ಸರ್ ಕನ್ನಡಕ ತೆಗೆದು, "ನಮ್ಮದೂ ಅದೇ ಮಾರಾಯ್ರೆ! ಹಾಗಾದ್ರೆ ನೀವು ನನಗೆ ಅಕ್ಕನ ಮಗಳ ಲೆಕ್ಕ" ಎಂದು ನಕ್ಕರು. ಆಮೇಲೆಯೇ ಹೆಂಚಿನ ಸುದ್ದಿ ಬಂದದ್ದು. ನನ್ನ ಬರಿ ಯಾವುದೆಂದು ಇಲ್ಲಿ ನಿಮಗೆ ಮಾತ್ರ ಹೇಳುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ನನ್ನ ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಸರ್ ನಿವೃತ್ತರಾದರು. ಕಾಗದದ ಮೇಲೆ ಬೇರೊಬ್ಬರು ಮಾರ್ಗದರ್ಶಕರಾದರು. ಅವರು ಒಳ್ಳೆಯವರು, ಸಹಿ ಮಾಡುತ್ತಾರೆ. ನಿಜವಾದ ಮಾರ್ಗದರ್ಶನ ಮಾತ್ರ ಮಹಾಬಲ ಸರ್ ಅವರದೇ ಆಗಿ ಉಳಿಯಿತು. ನನ್ನ ಅಧ್ಯಾಯಗಳನ್ನು ಓದಿ ತಿದ್ದುತ್ತಿದ್ದವರೂ ಅವರೇ. ಎಲ್ಲಿಂದಲೋ ಹುಡುಕಿ ಲೇಖನಗಳನ್ನು ಕಳಿಸುತ್ತಲೇ ಇದ್ದರು. ಪ್ರತಿಯೊಂದರ ಕೆಳಗೂ "ಓದಿ. ಬೇಗ ಮುಗಿಸಿ" ಎಂದು ಒಂದು ಸಾಲು. ಫೋನು ಮಾಡಿದರೂ ಕುಶಲ ಕೇಳುವ ಮೊದಲು "ಯಾವಾಗ ಸಬ್ಮಿಟ್ ಮಾಡ್ತೀರಿ?" ಎಂದೇ ಕೇಳುತ್ತಿದ್ದರು. ನನಗೆ ಇದರ ಮೇಲೂ ಸಂಶಯವಿತ್ತು. ಇವರಿಗೆ ಇಷ್ಟೇಕೆ ಅವಸರ? ತನ್ನ ಕೊನೆಯ ವಿದ್ಯಾರ್ಥಿಯೂ ಮುಗಿಸಿದಳೆಂದು ಹೇಳಿಕೊಳ್ಳುವ ಆಸೆಯೇ? ನನ್ನಿಂದ ಬೇಗ ಕೈ ತೊಳೆದುಕೊಳ್ಳಬೇಕೆಂದೇ?

ಮನೆ, ಕಾಲೇಜು, ಪರೀಕ್ಷೆಯ ಪೇಪರು ತಿದ್ದುವುದು ಎಂದು ನನ್ನ ಬರವಣಿಗೆ ಎಳೆದುಕೊಂಡು ಹೋಯಿತು. ಸಿಗಬಹುದಾದ ಅವಧಿ ವಿಸ್ತರಣೆಗಳೆಲ್ಲ ಸಿಕ್ಕಿ ಮುಗಿದವು. ಕೊನೆಯ ವಿಸ್ತರಣೆಯ ಕೊನೆಯ ದಿನವೂ ಬಂತು. ಆ ಸಂಜೆಯೊಳಗೆ ಮಹಾಪ್ರಬಂಧವನ್ನು ವಿಶ್ವವಿದ್ಯಾಲಯದ ಜಾಲಪುಟಕ್ಕೆ ಏರಿಸದಿದ್ದರೆ ನನ್ನ ನೋಂದಣಿಯೇ ರದ್ದು. ಮಣ್ಣು ಹೊತ್ತ ಅಷ್ಟು ಹೆಂಗಸರ ಕಥೆ ನನ್ನ ಕಪಾಟಿನಲ್ಲೇ ಉಳಿಯುತ್ತದೆ. ಆ ಪುಟವೋ, ಕ್ಯಾಂಪಸ್ಸಿನೊಳಗಿನ ನಿಸ್ತಂತು ಜಾಲದಲ್ಲಿ, ಅಂದರೆ ಎಲ್ಲರೂ ವೈಫೈ ಎನ್ನುವುದರಲ್ಲಿ, ಮಾತ್ರ ತೆರೆಯುತ್ತದೆ. ಹೊರಗಿನಿಂದ ಏರಿಸಿದರೆ ಯಾರು ಏರಿಸಿದರೆಂದು ಗೊತ್ತಾಗುವುದಿಲ್ಲವಂತೆ. ನನಗಿಂತ ಹೆಚ್ಚು ಸಂಶಯದವರು ಜಗತ್ತಿನಲ್ಲಿದ್ದಾರೆಂದು ತಿಳಿದು ಆ ನಿಯಮದ ಮೇಲೆ ನನಗೆ ಗೌರವವೇ ಬಂದಿತ್ತು.

ಅಷ್ಟು ವರ್ಷ ಆ ಜಾಲಕ್ಕೆ ನಾನು ಸೇರಿಸಿದ್ದು ನನ್ನ ಫೋನನ್ನು ಮಾತ್ರ. ದಪ್ಪ ಗೋಡೆಯ ಆ ಕಟ್ಟಡದಲ್ಲಿ ಬೇರೆ ಸಿಗ್ನಲ್ ಸಿಗುತ್ತಿರಲಿಲ್ಲ, ಬೇರೆ ದಾರಿಯಿರಲಿಲ್ಲ. ಲ್ಯಾಪ್‌ಟಾಪನ್ನು ಮಾತ್ರ ಊರವರೆಲ್ಲ ಸೇರುವ ಜಾಲಕ್ಕೆ ಬಿಟ್ಟಿರಲಿಲ್ಲ. ನನ್ನ ಅಧ್ಯಾಯಗಳೆಲ್ಲ ಅದರಲ್ಲಿದ್ದವು. ಬೆಳೆದ ಮಗಳನ್ನು ಜಾತ್ರೆಗೆ ಒಬ್ಬಳನ್ನೇ ಕಳಿಸಲು ಹಿಂಜರಿಯುವ ತಾಯಿಯ ಹಾಗೆ ನಾನು ಅದನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆ. ಈಗ ವಿಧಿಯಿಲ್ಲದೆ ಹೆಗಲಿಗೆ ಹಾಕಿಕೊಂಡು ಬಂದು, ನಮ್ಮ ವಿಭಾಗದ ಓದುವ ಕೋಣೆಯಲ್ಲಿ ಕುಳಿತು ತೆರೆದೆ.

ತೆರೆದ ಕೂಡಲೇ ಸುತ್ತಮುತ್ತಲಿನ ಜಾಲಗಳ ಹೆಸರುಗಳೆಲ್ಲ ಸಾಲಾಗಿ ಬಂದವು. ವಿಶ್ವವಿದ್ಯಾಲಯದ್ದು ಒಂದು. ಉಳಿದವೆಲ್ಲ ವಿದ್ಯಾರ್ಥಿಗಳ ಫೋನುಗಳಿಂದ ಹೊರಟವು. ಒಂದು ತನ್ನನ್ನು "ಪೊಲೀಸ್ ವ್ಯಾನ್" ಎಂದು ಕರೆದುಕೊಂಡಿತ್ತು. ಇನ್ನೊಂದು ತುಳುವಿನಲ್ಲಿ "ಈರೆಗ್ ಇಜ್ಜಿ", ಎಂದರೆ ನಿಮಗಿಲ್ಲ, ಎಂದು ಮೊದಲೇ ಹೇಳಿಬಿಟ್ಟಿತ್ತು. ಬೀಗವೇ ಇಲ್ಲದ ಒಂದು ಜಾಲ "ಬನ್ನಿ" ಎಂದು ಕರೆಯುತ್ತಿತ್ತು. ಅದನ್ನು ನೋಡಿ ನಾನು ಲ್ಯಾಪ್‌ಟಾಪನ್ನು ಸ್ವಲ್ಪ ನನ್ನ ಕಡೆಗೇ ಎಳೆದುಕೊಂಡೆ.

ವಿಶ್ವವಿದ್ಯಾಲಯದ ಹೆಸರನ್ನು ಒತ್ತಿದೆ. ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು: ಈ ಜಾಲದ ಪ್ರಮಾಣಪತ್ರ ಯಾರದೆಂದು ಖಚಿತಪಡಿಸಿಕೊಳ್ಳಲು ಆಗುತ್ತಿಲ್ಲ, ಆದರೂ ನಂಬಿ ಮುಂದುವರಿಯುತ್ತೀರಾ? ನೋಡಿ, ಇಂಥ ಪ್ರಶ್ನೆಯನ್ನು ನನ್ನಂಥವಳಿಗೆ ಕೇಳಬಾರದು. ಖಚಿತವಿಲ್ಲವೆಂದು ತಾನೇ ಹೇಳುತ್ತದೆ, ನಂಬುತ್ತೀರಾ ಎಂದು ಮತ್ತೆ ತಾನೇ ಕೇಳುತ್ತದೆ. ಅಮ್ಮನಾಗಿದ್ದರೆ ಕಿವಿರು ತೋರಿಸು ಎನ್ನುತ್ತಿದ್ದರು. ನಾನು "ಇಲ್ಲ" ಎಂದು ಒತ್ತಿದೆ, ಜಾಲ ಬಾಗಿಲು ಮುಚ್ಚಿತು. ಮತ್ತೆ ಹೋದೆ, ಮತ್ತೆ ಅದೇ ಪ್ರಶ್ನೆ, ಮತ್ತೆ "ಇಲ್ಲ". ಗಡಿಯಾರ ನೋಡಿದೆ. ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು. ಊಟಕ್ಕೆ ಎದ್ದ ಕಚೇರಿ ಯಾವಾಗ ಮತ್ತೆ ಕೂರುತ್ತದೆಂದು ಯಾರೂ ಹೇಳಲಾರರು. ಕಣ್ಣು ಮುಚ್ಚಿ "ಹೌದು" ಎಂದು ಒತ್ತಿ, ನನ್ನ ಹೆಸರು, ಗುಪ್ತಪದ ಕೊಟ್ಟೆ.

ಉತ್ತರ ಬಂತು: ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡು ಯಂತ್ರಗಳು ಸೇರಿವೆ. ಮೂರನೆಯದಕ್ಕೆ ಅನುಮತಿಯಿಲ್ಲ.

ನನ್ನದು ಒಂದು ಫೋನು. ಎರಡನೆಯದು ಯಾರದು? ಜೀವಮಾನವಿಡೀ ಸಂಶಯಪಟ್ಟವಳಿಗೆ ಕೊನೆಗೂ ಒಂದು ಸಂಶಯ ನಿಜವಾದಾಗ ಏನಾಗುತ್ತದೆ ಗೊತ್ತೇ? ಸಿಟ್ಟಿನ ಜೊತೆಗೆ ಸ್ವಲ್ಪ ಸಂತೋಷವೂ ಆಗುತ್ತದೆ. ನಾನು ಲ್ಯಾಪ್‌ಟಾಪನ್ನು ತೆರೆದ ಹಾಗೆಯೇ ಎತ್ತಿಕೊಂಡು ಕಂಪ್ಯೂಟರ್ ವಿಭಾಗಕ್ಕೆ ನಡೆದೆ.

ಅಲ್ಲಿನ ಎಂಜಿನಿಯರ್ ಪ್ರವೀಣ್, ಮೂವತ್ತು ಮೂವತ್ತೈದರ ಆಸಾಮಿ, ಸುರತ್ಕಲ್ಲಿನಿಂದ ದಿನಾ ಬಂದು ಹೋಗುವವರು. ಸುರತ್ಕಲ್ಲಿನಿಂದ ಇಲ್ಲಿಯವರೆಗೆ ಹೆದ್ದಾರಿಯ ಲಾರಿಗಳ ನಡುವೆ ಬೈಕಿನಲ್ಲಿ ಬಂದವರ ಮುಖದಲ್ಲಿ ಮನುಷ್ಯಜಾತಿಯ ಮೇಲೆ ಒಂದು ಅಪನಂಬಿಕೆ ಸಹಜವಾಗಿಯೇ ಇರುತ್ತದೆ. ನನಗೆ ಅವರು ಕೂಡಲೇ ಹಿಡಿಸಿದರು. ತಮ್ಮ ಪರದೆಯಲ್ಲಿ ನನ್ನ ಹೆಸರು ಹುಡುಕಿ, "ಒಂದು ನಿಮ್ಮ ಫೋನ್. ಇನ್ನೊಂದು ಒಂದು ಹಳೇ ಲ್ಯಾಪ್‌ಟಾಪ್ ಮೇಡಂ. ಇವತ್ತು ನಿನ್ನೆ ಸೇರಿದ್ದಲ್ಲ, ವರ್ಷಗಟ್ಟಲೆ ಆಯ್ತು. ಬೆಳಿಗ್ಗೆ ಬರ್ತದೆ, ಮಧ್ಯಾಹ್ನ ಹೋಗ್ತದೆ" ಎಂದರು.

"ಈಗ ಎಲ್ಲಿ ಉಂಟು?"

"ಲೈಬ್ರರಿಯ ಕೆಳಗಿನ ಜಗಲಿಯಲ್ಲಿ. ಅಲ್ಲಿನ ವೈಫೈ ಪೆಟ್ಟಿಗೆಯಿಂದ ಕನೆಕ್ಟ್ ಆಗಿದೆ." ಅವರು ಕುರ್ಚಿ ತಿರುಗಿಸಿದರು. "ಪಾಸ್‌ವರ್ಡ್ ಯಾರಿಗೆ ಹೇಳಿದ್ದೀರಿ?"

"ಗಂಡನಿಗೂ ಹೇಳಿಲ್ಲ."

"ಸರಿ, ಹೇಳುದು ಬೇಡ. ಆದ್ರೆ ಒಂದು ಕೇಳ್ತೇನೆ. ಬರಿಯ ಹೆಸರು ಹಾಕಿದ್ದೀರಾ?"

ನಾನು ತೆರೆದಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದೆ.

"ಇಲ್ಲಿ ಅರ್ಧ ಜನರದ್ದು ಬರಿ, ಉಳಿದರ್ಧ ಜನರದ್ದು ಮನೆ ದೈವದ ಹೆಸರು. ಅದರ ಹಿಂದಿನಿಂದ ಒಂದು ಎರಡು ಮೂರು" ಎಂದು ಪ್ರವೀಣ್ ನಿಟ್ಟುಸಿರು ಬಿಟ್ಟರು.

ನಾನು ಅದನ್ನು ಸುಮ್ಮನೆ ಇಟ್ಟದ್ದಲ್ಲ ಎಂದು ಇಲ್ಲಿ ದಾಖಲೆಗಾಗಿ ಹೇಳಿಬಿಡುತ್ತೇನೆ. ಬಹಳ ಯೋಚಿಸಿದ್ದೆ. ಹುಟ್ಟಿದ ದಿನ ಬೇಡ, ಅದು ಕಾಲೇಜಿನ ಗುಮಾಸ್ತರಿಗೆ ಗೊತ್ತು. ಮನೆಯ ಹೆಸರು ಬೇಡ, ಅದು ಗೇಟಿನ ಮೇಲೆ ಇದೆ. ಬ್ಯಾಂಕಿನವರೂ ಜಾಲತಾಣದವರೂ ಗುಟ್ಟಿನ ಪ್ರಶ್ನೆಯೆಂದು ಕೇಳುವುದು ತಾಯಿಯ ತವರಿನ ಹೆಸರನ್ನು. ಜಗತ್ತಿನ ಬುದ್ಧಿವಂತರೆಲ್ಲ ಸೇರಿ ಅದು ಗುಟ್ಟು ಎಂದ ಮೇಲೆ ಗುಟ್ಟೇ ಇರಬೇಕೆಂದು ನಂಬಿದೆ. ನಮ್ಮಲ್ಲಿ ತಾಯಿಯ ತವರಿನ ಹೆಸರು ಮದುವೆಯಿಂದ ಬದಲಾಗುವುದೇ ಇಲ್ಲ, ಅದನ್ನೇ ನಾವೂ ಹೊತ್ತು ತಿರುಗುತ್ತೇವೆ, ಕೇಳಿದವರಿಗೆಲ್ಲ ಹಂಚುತ್ತೇವೆ ಎಂಬುದು ಆಗ ಹೊಳೆಯಲಿಲ್ಲ. ಬಸ್ಸು, ಮದುವೆ ಹಾಲು, ಹಲ್ಲಿನ ವೈದ್ಯರು ಎಲ್ಲರೂ ಒಟ್ಟಿಗೆ ನೆನಪಾದರು. ಸಂಶಯಿತರ ಪಟ್ಟಿ ಮಾಡಲು ಹೊರಟರೆ ಇಡೀ ಜಿಲ್ಲೆಯೇ ಅದರೊಳಗೆ ಬರುತ್ತಿತ್ತು.

"ಆ ಮೆಷಿನನ್ನು ತೆಗೆದು ಬಿಡ್ತೇನೆ, ನಿಮ್ಮದು ಸೇರ್ತದೆ, ಒಂದು ನಿಮಿಷದ ಕೆಲಸ" ಎಂದರು ಪ್ರವೀಣ್. ಬೇಡ, ಮೊದಲು ನೋಡಿ ಬರುತ್ತೇನೆ ಎಂದೆ. ಕಳ್ಳನ ಮುಖ ನೋಡದೆ ಬಾಗಿಲು ಮುಚ್ಚುವುದು ನನ್ನಿಂದಾಗದ ಕೆಲಸ. ಸಂಜೆಯ ಗಡುವು ತಲೆಯ ಮೇಲಿದ್ದರೂ ನಾನು ಗ್ರಂಥಾಲಯದ ಕಡೆಗೆ ಹೊರಟೆ.

ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ವಿಚಾರಣೆಗೆ ಒಳಪಡಿಸಿದೆ. ನನ್ನ ಜೊತೆಗೇ ಸೇರಿ ನನಗಿಂತ ಮೊದಲೇ ಮುಗಿಸಿದ ಸಹಸಂಶೋಧಕಿ: ಅವಳಿಗೆ ಅಷ್ಟು ಬೇಗ ಅಷ್ಟು ಆಧಾರಗಳು ಎಲ್ಲಿಂದ ಸಿಕ್ಕಿದವು? ಕಾಗದದ ಮೇಲಿನ ಮಾರ್ಗದರ್ಶಕರು: ಸಹಿ ಮಾಡುವಾಗ ಅವರೇಕೆ ಯಾವಾಗಲೂ ನನ್ನ ಮುಖ ನೋಡುವುದಿಲ್ಲ? ಜಗಲಿ ತಲುಪುವಷ್ಟರಲ್ಲಿ ಇಬ್ಬರ ಮೇಲೂ ಅಪರಾಧ ಸಾಬೀತಾಗಿತ್ತು.

ಜಗಲಿಯ ಕಲ್ಲಿನ ಬೆಂಚುಗಳಲ್ಲಿ ಕೆಲವು ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯ ನಡಿಗೆಯಲ್ಲಿ ಪ್ರತಿಯೊಬ್ಬರ ಬೆನ್ನ ಹಿಂದೆ ಹಾದು ಪರದೆಗಳನ್ನು ನೋಡಿದೆ. ಎಲ್ಲವೂ ಹೊಳೆಯುವ ಹೊಸ ಯಂತ್ರಗಳು. ಕೊನೆಯ ಬೆಂಚಿನಲ್ಲಿ, ಕಂಬಕ್ಕೆ ಒರಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎತ್ತರದ ಆಳೊಬ್ಬರು ಬಾಗಿ ಏನನ್ನೋ ಓದುತ್ತಿದ್ದರು. ಅವರ ಲ್ಯಾಪ್‌ಟಾಪಿನ ಮಡಚುವ ಮೂಲೆಗೆ ಕಪ್ಪು ಟೇಪು ಸುತ್ತಿತ್ತು. ಪರದೆಯಲ್ಲಿ ಹೆಂಚು ಸುಡುವ ಹಳೆಯ ಗೂಡೊಂದರ ಚಿತ್ರವಿದ್ದ ಲೇಖನ. ಮೇಲಿನ ಮೂಲೆಯಲ್ಲಿ, ಒಳಗೆ ಬಂದವರನ್ನು ಸ್ವಾಗತಿಸುವ ಕಡೆ, ನನ್ನ ಪೂರ್ತಿ ಹೆಸರು.

ಅಂದರೆ ಅಷ್ಟು ದಿನ "ಎಲ್ಲಿಂದಲೋ" ನನಗೆ ಬರುತ್ತಿದ್ದ ಲೇಖನಗಳೆಲ್ಲ ನನ್ನ ಹೆಸರಿನಿಂದಲೇ ಬರುತ್ತಿದ್ದವು.

ಮಹಾಬಲ ಸರ್ ತಲೆಯೆತ್ತಿದರು. "ಓ, ನೀವಾ! ಒಳ್ಳೆ ಹೊತ್ತಿಗೆ ಬಂದ್ರಿ. ನಾಲ್ಕನೇ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ತಪ್ಪುಂಟು, ಈಗಷ್ಟೇ ಸಿಕ್ಕಿತು. ಪುಟ ಸಂಖ್ಯೆ ಸರಿ ಇಲ್ಲ. ಅಪ್‌ಲೋಡ್ ಆಗ್ಲಿಲ್ಲ ಅಲ್ವ?"

"ಇಲ್ಲ ಸರ್. ಲ್ಯಾಪ್‌ಟಾಪಿಗೆ ನೆಟ್ ಸಿಗ್ತಾ ಇಲ್ಲ."

"ಎಂತ ಮಾರಾಯ್ರೆ, ಇವತ್ತೇ ಕಡೇ ದಿನ ಅಲ್ವ! ಬನ್ನಿ, ಕೂತ್ಕೊಳ್ಳಿ, ನನ್ನದ್ರಲ್ಲಿ ಮಾಡುವ" ಎಂದು ಯಂತ್ರವನ್ನು ನನ್ನ ಕಡೆಗೆ ತಿರುಗಿಸಿದರು. ಅರ್ಧ ತಿರುಗಿಸಿದಾಗ ಅವರಿಗೆ ಏನೋ ನೆನಪಾಯಿತು. ಕೈ ನಿಂತಿತು. ಪರದೆಯನ್ನು ಮೆಲ್ಲಗೆ ಕೆಳಗೆ ಬಾಗಿಸಿ, "ಅಲ್ಲ, ಇದು ಹಳತು. ಅಷ್ಟು ದೊಡ್ಡ ಫೈಲು ಇದ್ರಲ್ಲಿ ಹೋಗ್ಲಿಕ್ಕಿಲ್ಲ" ಎಂದರು. ಅವರ ಕಿವಿಗಳು ಕೆಂಪಾಗಿದ್ದವು.

ತಪ್ಪು ಉಲ್ಲೇಖವನ್ನು ಸಹಿಸದ ಮನುಷ್ಯ ಒಂದು ಪರದೆಯನ್ನು ನನ್ನಿಂದ ಅಡಗಿಸುವುದನ್ನು ನಾನು ನೋಡಬಾರದಿತ್ತು. ಅಡಿಟಿಪ್ಪಣಿಯ ಪುಟ ಸಂಖ್ಯೆಯನ್ನು ಕೇಳಿ ಬರೆದುಕೊಂಡು, ಕಂಪ್ಯೂಟರ್ ವಿಭಾಗದಲ್ಲಿ ಸರಿಮಾಡಿಸುತ್ತೇನೆಂದು ಹೇಳಿ ಅಲ್ಲಿಂದ ಹೊರಟೆ.

ಬಂದ ದಾರಿಯಲ್ಲೇ ಹಿಂದೆ ನಡೆಯುತ್ತಾ ನನ್ನೊಳಗೆ ದೊಡ್ಡ ವಾದವಿವಾದ ನಡೆಯಿತು. ನಡೆದದ್ದೇನೆಂದು ಊಹಿಸುವುದು ಕಷ್ಟವಿರಲಿಲ್ಲ. ನಿವೃತ್ತಿಯ ಮರುದಿನ ಅವರ ಹೆಸರನ್ನು ಜಾಲ ಹೊರಗೆ ಹಾಕಿದೆ. ಆ ಜಾಲದಲ್ಲಿ ಮಾತ್ರ ತೆರೆಯುವ, ಅಷ್ಟು ವರ್ಷ ಮೇಜಿನ ಮೇಲಿದ್ದ ಲೇಖನಗಳ ಗ್ರಂಥಾಲಯ ಕಣ್ಣೆದುರಿಗಿದ್ದೂ ಕೈಗೆ ಸಿಗದಾಗಿದೆ. ಯಾವಾಗಲೋ ನನ್ನ ಹೆಸರು ಹಾಕಿ, ತಮ್ಮದೇ ಹಳೆಯ ಗುಪ್ತಪದವನ್ನು ಒತ್ತಿ ನೋಡಿದ್ದಾರೆ. ಅವರದೂ ಅದೇ ಬರಿ, ಅವರದೂ ಒಂದು ಎರಡು ಮೂರು. ಬಾಗಿಲು ತೆರೆದಿದೆ. ವಿಭಾಗವನ್ನು ನಡೆಸಿದವರು ಶಿಷ್ಯೆಯೊಬ್ಬಳ ಹತ್ತಿರ "ನಿಮ್ಮ ಪಾಸ್‌ವರ್ಡ್ ಸ್ವಲ್ಪ ಕೊಡ್ತೀರಾ" ಎಂದು ಕೇಳುವುದು ಹೇಗೆ? ಕೇಳಿದ್ದರೆ ನಾನು ಕೊಡುತ್ತಿದ್ದೆನೇ ಎಂಬುದೂ ಸಂಶಯವೇ. ನಿಯಮಾವಳಿ ತೆಗೆದು ಓದಲು ಕೂರುತ್ತಿದ್ದೆ.

ಆದರೂ ಕೇಳದೆ ಒಳಗೆ ಬರುವುದು ಕಳ್ಳತನವಲ್ಲವೇ? ಇಲ್ಲಿ ನನ್ನೊಳಗಿನ ಚರಿತ್ರೆಯ ಮೇಷ್ಟರು ಎದ್ದು ನಿಂತು ಆಕ್ಷೇಪವೆತ್ತಿದರು. ನಮ್ಮ ಅಳಿಯಕಟ್ಟಿನ ಹಳೆಯ ಮನೆಗಳಲ್ಲಿ ಆಸ್ತಿ ಇಳಿಯುತ್ತಿದ್ದುದು ಹೆಣ್ಣಿನ ಸಂತಾನದಲ್ಲಿ. ಅದನ್ನು ನೋಡಿಕೊಂಡು, ಗೇಣಿ ಎಣಿಸಿ, ಪತ್ತಾಯದ, ಎಂದರೆ ಭತ್ತದ ಕಣಜದ, ಬೀಗದ ಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿದ್ದವನು ತಾಯಿಯ ಸೋದರ, ನಮ್ಮ ತುಳುವಿನ ತಮ್ಮಲೆ. ಹೆಸರು ಅವಳದು, ಯಜಮಾನಿಕೆ ಅವನದು. ಅವನು ಪತ್ತಾಯ ತೆಗೆಯುವಾಗ ಅಕ್ಕನ ಮಗಳ ಅನುಮತಿ ಕೇಳಿದನೆಂದು ಯಾವ ದಾಖಲೆಯಲ್ಲೂ ನಾನು ಕಂಡಿಲ್ಲ. ಅಂಥ ಕೆಲವು ತಮ್ಮಲೆಗಳು ಮನೆಯನ್ನು ನುಂಗಿ ನೀರು ಕುಡಿದದ್ದೂ ಉಂಟು, ಅದಕ್ಕಾಗಿಯೇ ಕೋರ್ಟುಗಳು ತುಂಬಿದ್ದುಂಟು. ನನ್ನ ತಮ್ಮಲೆ ಪತ್ತಾಯದಿಂದ ತೆಗೆದದ್ದನ್ನೆಲ್ಲ ಮತ್ತೆ ನನ್ನ ಮನೆಗೇ ಕಳಿಸುತ್ತಿದ್ದರು. "ಓದಿ. ಬೇಗ ಮುಗಿಸಿ" ಎಂಬ ಚೀಟಿಯ ಜೊತೆಗೆ.

ಈ ವಾದವನ್ನು ಯಾವ ಕಂಪ್ಯೂಟರ್ ವಿಭಾಗವೂ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಪ್ರವೀಣ್ ಅವರಿಗೆ ಇದನ್ನು ಹೇಳಲು ಹೋಗಲಿಲ್ಲ.

"ಸಿಕ್ಕಿದ್ನಾ ಕಳ್ಳ?" ಎಂದರು ಅವರು. ಅವರ ಪರದೆಯಲ್ಲಿ ಬಾಣದ ಗುರುತು ಆ ಹಳೆಯ ಯಂತ್ರದ ಮೇಲೆ ತಯಾರಾಗಿ ನಿಂತಿತ್ತು. "ಒತ್ತುದಾ?"

"ಅದಲ್ಲ. ಫೋನ್ ತೆಗೀರಿ."

"ಫೋನಾ? ಫೋನ್ ನಿಮ್ಮದೇ ಅಲ್ವ?"

"ಅದ್ರ ಮೇಲೆ ನನಗೆ ಸಂಶಯ ಉಂಟು."

"ಮತ್ತೆ ಈ ಲ್ಯಾಪ್‌ಟಾಪ್?"

"ಅದು ನಮ್ಮ ಮನೆಯದ್ದೇ. ನನಗೆ ಮರೆತು ಹೋಗಿತ್ತು."

ಪ್ರವೀಣ್ ನನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟು ಸಂಶಯದಿಂದ ನನ್ನನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ನಾನು ನೋಡುವಾಗ ಬೇರೆಯವರಿಗೆ ಹೇಗಾಗುತ್ತದೆಂದು ಆಗ ಗೊತ್ತಾಯಿತು, ಹೋಟೆಲಿನಲ್ಲಿರುವ ಗಂಡನ ನೆನಪೂ ಆಯಿತು. ಕೊನೆಗೆ ಅವರು ಭುಜ ಕುಣಿಸಿ ನನ್ನ ಫೋನನ್ನು ತೆಗೆದರು. ನನ್ನ ಲ್ಯಾಪ್‌ಟಾಪ್ ಮರು ಮಾತಿಲ್ಲದೆ ಜಾಲಕ್ಕೆ ಸೇರಿತು.

ನಾಲ್ಕನೆಯ ಅಧ್ಯಾಯದ ಪುಟ ಸಂಖ್ಯೆಯನ್ನು ತಿದ್ದಿದೆ. ಮಹಾಪ್ರಬಂಧವನ್ನು ಏರಿಸಿದೆ. ಅದು ಏರುತ್ತಿರುವಾಗ ಪರದೆಯ ಮೇಲೆ ಹಸಿರು ಪಟ್ಟಿ ತೆವಳುವುದನ್ನು ನೋಡುತ್ತಾ ಕುಳಿತೆ. ಅರ್ಧದಲ್ಲಿ ನಿಂತಿತು; ಕರೆಂಟ್ ಹೋಗಿದೆಯೇ ಎಂದು ಮೇಲೆ ನೋಡಿದೆ, ಫ್ಯಾನು ತಿರುಗುತ್ತಿತ್ತು. ಮತ್ತೆ ತೆವಳಿತು. "ಸ್ವೀಕರಿಸಲಾಗಿದೆ" ಎಂದು ಬಂದಾಗ ನಾನು ಅದನ್ನು ನಂಬದೆ ಪುಟವನ್ನು ಮುಚ್ಚಿ ತೆರೆದು ನೋಡಿದೆ. ಆಗಲೂ ಸ್ವೀಕರಿಸಲಾಗಿತ್ತು.

"ಕಂಗ್ರಾಟ್ಸ್ ಮೇಡಂ" ಎಂದರು ಪ್ರವೀಣ್. "ಇನ್ನು ತಲೆಬಿಸಿ ಇಲ್ಲ. ವೈವಾ ಆಗಿ ಡಿಗ್ರಿ ಬಂದ ಕೂಡ್ಲೇ ನಿಮ್ಮ ಐಡಿ ತನ್ನಷ್ಟಕ್ಕೇ ಬಂದ್ ಆಗ್ತದೆ. ಅದ್ರಲ್ಲಿ ಸೇರಿದ ಮೆಷಿನ್ ಎಲ್ಲ ಹೊರಗೆ ಹೋಗ್ತದೆ. ನಿಮ್ಮ ಮನೆಯದ್ದೂ" ಎಂದು ಕೊನೆಯ ಮಾತನ್ನು ಸ್ವಲ್ಪ ಒತ್ತಿ ಹೇಳಿದರು.

ನಾನು ಕುರ್ಚಿಯಿಂದ ಏಳಲಿಲ್ಲ. ಈ ನಿಯಮ ಮಹಾಬಲ ಸರ್ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಒಂದು ಸಲ ಆ ಬಾಗಿಲಿನಿಂದ ಹೊರಗೆ ಹಾಕಿಸಿಕೊಂಡವರು ಅವರು. ನಾನು ಮುಗಿಸಿದ ದಿನ ತನಗೂ ಮುಗಿಯುತ್ತದೆಂದು ತಿಳಿದೂ, ವಾರ ವಾರವೂ ಫೋನು ಮಾಡಿ ಬೇಗ ಮುಗಿಸಿ ಎಂದು ನನ್ನ ಬೆನ್ನು ಹತ್ತಿದ್ದರು. ಆ ಅವಸರದ ಮೇಲೆ ನಾನು ಎಂತೆಂಥ ಸಂಶಯಪಟ್ಟಿದ್ದೆ.

ಜಗಲಿಗೆ ಹೋದಾಗ ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಎದ್ದು ನಿಂತಿದ್ದರು. ಆಯಿತು ಎಂದೆ. ಅವರ ಮುಖ ಅರಳಿತು. "ಬದುಕಿದೆ ಮಾರಾಯ್ರೆ! ಇನ್ನು ವೈವಾ ತಡ ಆಗ್ಬಾರ್ದು. ನಾನೇ ಆಫೀಸಿಗೆ ಹೋಗಿ ಹೇಳ್ತೇನೆ."

"ಅರ್ಜೆಂಟ್ ಎಂತ ಇಲ್ಲ ಸರ್. ಡಿಗ್ರಿ ಆದ ದಿನ ನೆಟ್ ಬಂದ್ ಅಂತೆ."

ಅವರು ಚೀಲದ ಜಿಪ್ಪನ್ನು ಎಳೆಯುತ್ತಿದ್ದವರು ನಿಲ್ಲಿಸಿ ನನ್ನನ್ನು ನೋಡಿದರು. ನನಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಯಿತು ಎಂದೇ ನನ್ನ ಅನುಮಾನ. ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ.

"ಗೊತ್ತುಂಟು" ಎಂದರು. "ಅದಕ್ಕೆ ನಿಮ್ಮ ಡಿಗ್ರಿ ನಿಲ್ಲಿಸ್ಲಿಕ್ಕೆ ಆಗ್ತದಾ?"

ಜಿಪ್ಪು ಎಳೆದು, ಚೀಲವನ್ನು ಹೆಗಲಿಗೇರಿಸಿ, ಅವರು ವೈವಾದ ದಿನ ಕೇಳಲು ಆಗಲೇ ಆಫೀಸಿನ ಕಡೆಗೆ ನಡೆದರು.

ನನ್ನ ಮಹಾಪ್ರಬಂಧ ಈಗ ಹೊರ ರಾಜ್ಯದ ಒಬ್ಬ ಪರೀಕ್ಷಕರ ಮೇಜಿನ ಮೇಲಿದೆ. ಅವರು ಯಾರೆಂದು ನನಗೆ ಹೇಳುವುದಿಲ್ಲ, ಅದು ಗುಟ್ಟು. ಯಾರೇ ಆಗಿರಲಿ, ಅವರು ಯಾವ ಗಡಿಬಿಡಿಯನ್ನೂ ಮಾಡಿಕೊಳ್ಳದಿರಲಿ. ನನ್ನ ಒಂದು ಮಾತನ್ನೂ ಸುಲಭಕ್ಕೆ ನಂಬದಿರಲಿ. ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ನಿಧಾನವಾಗಿ, ವರ್ಷಗಟ್ಟಲೆ ಸಂಶಯಪಡಲಿ.